ಮೇಲೆ ಒಣ, ಕೆಳಗೆ ತೇವ: ಟರಾಂಟುಲಾ ಮರಿಗಳು ಉಳಿದದ್ದು ಹೀಗೆ

ಟರಾಂಟುಲಾ ಎಂಬ ದೊಡ್ಡ ಜೇಡದ ಸೆಂಟಿಮೀಟರ್ ಗಾತ್ರದ ಮರಿಗೆ ದಿನಾ ನೀರು ಸಿಂಪಡಿಸಬೇಕು ಎನ್ನುವವರೇ ಹೆಚ್ಚು. ತಳಕ್ಕೆ ಮಾತ್ರ ನೀರು ಕೊಟ್ಟು ಮೇಲ್ಮಣ್ಣನ್ನು ಒಣಗಲು ಬಿಡುತ್ತೇನೆ ಎಂದಾಗ ‘ವಾರದಲ್ಲಿ ಸಾಯುತ್ತೆ’ ಅಂದರು. ಈ ಕ್ರಮಕ್ಕೆ ಬಂದ ಮೇಲೆ ಸಾಕಿದ ಹತ್ತು-ಹನ್ನೆರಡು ಮರಿಗಳಲ್ಲಿ ಹೋದದ್ದು ಒಂದೇ. ಮೊದಲು ಹತ್ತಿರ ಹತ್ತಿರ ಅರ್ಧ ಸಾಯುತ್ತಿದ್ದವು.

ಡಬ್ಬಿ ಪಾರದರ್ಶಕವಾಗಿರಬೇಕು, ಸುಮಾರು 120 ಮಿಲಿ, ಅಗಲಕ್ಕಿಂತ ಎತ್ತರ ಹೆಚ್ಚು. ಗಾಳಿಯ ತೂತುಗಳನ್ನು ಕಾಯಿಸಿದ ಸೂಜಿಯಿಂದ ಮೇಲಂಚಿನ ಎರಡೂ ಬದಿಗೆ ಎಂಟು-ಹತ್ತರಂತೆ ಹಾಕುತ್ತೇನೆ. ಮರಿಯ ತಲೆಭಾಗದ ಚಿಪ್ಪು ತೂರುವಷ್ಟು ತೂತಿದ್ದರೆ ಇಡೀ ಮರಿಯೇ ಹೊರಗೆ ಹೋಗುತ್ತದೆ. ನೆನೆಸಿದ ಕೋಕೋಪೀಟನ್ನು (ತೆಂಗಿನ ಸಿಪ್ಪೆಯ ಪುಡಿ) ಮುಷ್ಟಿಯಲ್ಲಿ ಒಂದು ಹನಿಯೂ ಬೀಳದಷ್ಟು ಹಿಂಡಿ, ಮೂರು ಸೆಂಟಿಮೀಟರ್ ಒತ್ತಿ ತುಂಬುವುದು. ಅದರ ಮೇಲೆ ಎರಡು ಸೆಂಟಿಮೀಟರ್ ಒಣಗಿದ್ದು. ಅಂಚಿನಲ್ಲಿ ತಳ ಮುಟ್ಟುವಂತೆ ಒಂದು ಸಣ್ಣ ಸ್ಟ್ರಾ. ಸಿರಿಂಜ್‌ನಿಂದ ಅದರೊಳಗೆ ವಾರ-ಹತ್ತು ದಿನಕ್ಕೊಮ್ಮೆ ಎರಡು-ಮೂರು ಮಿಲಿ ನೀರು. ಗೋಡೆಯಲ್ಲಿ ತೇವದ ಕಪ್ಪು ಗೆರೆ ಕಾಣುತ್ತದಲ್ಲ, ಅದು ಮಣ್ಣಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಕೆಳಗಿಳಿದರೆ ನೀರಿನ ಸಮಯ ಬಂತು. ಪೆನ್ಸಿಲ್‌ನಿಂದ ಓರೆಯಾಗಿ ಒಂದು ಬಿಲ ಶುರುಮಾಡಿಕೊಟ್ಟರೆ, ಎಷ್ಟು ತೇವ ಬೇಕೋ ಅಷ್ಟು ಆಳಕ್ಕೆ ಮರಿಯೇ ಇಳಿಯುತ್ತದೆ.

ಮರಿಯ ಮೈಹೊದಿಕೆ ದೊಡ್ಡದರಷ್ಟು ನೀರು ಹಿಡಿದಿಡುವುದಿಲ್ಲ, ಬೇಗ ಒಣಗುತ್ತದೆ. ಇಡೀ ಡಬ್ಬಿಯನ್ನೇ ತೋಯಿಸಿದರೆ ಬೂಷ್ಟು, ನುಸಿ ಗ್ಯಾರಂಟಿ. ಜೇಡ ಕಾಲು ಚಾಚುವುದು ದೇಹದ್ರವದ ಒತ್ತಡದಿಂದ. ನೀರು ಕಡಿಮೆಯಾದರೆ ಕಾಲುಗಳು ಎದೆಯಡಿಗೆ ಮಡಚಿಕೊಳ್ಳುತ್ತವೆ. ಆಗ ಬಾಯಿಯ ಬಳಿ ಒಂದು ಹನಿ ನೀರಿಟ್ಟು ನೋಡಿ. ಬೆನ್ನಡಿಯಾಗಿ ಬಿದ್ದಿದ್ದರೆ ಮಾತ್ರ ಮುಟ್ಟಲೇಬೇಡಿ, ಅದು ಪೊರೆ ಕಳಚುತ್ತಿದೆ.

ನನ್ನ ನಷ್ಟಗಳಲ್ಲಿ ಹೆಚ್ಚಿನವು ಆಗಿದ್ದು ಈ ಪೊರೆ ಕಳಚುವ ಹೊತ್ತಿನಲ್ಲೇ. ಅದಕ್ಕೆ ಮೊದಲು ಹೊಟ್ಟೆ ಉಬ್ಬಿ, ಕಪ್ಪಾಗಿ ಹೊಳೆಯುತ್ತದೆ, ಊಟ ಬಿಡುತ್ತದೆ, ಬಿಲದ ಬಾಯಿ ಮುಚ್ಚಿಕೊಳ್ಳುತ್ತದೆ. ಸತ್ತಿತೇನೋ ಎಂದು ಅಗೆದರೆ ಅರ್ಧ ಕಳಚಿದ ಮರಿ ಕೈಗೆ ಬರುತ್ತದೆ. ಆ ಹೊತ್ತಿನಲ್ಲಿ ಒಳಗೆ ಊಟಕ್ಕೆ ಬಿಟ್ಟ ಜೀವಂತ ಕ್ರಿಕೆಟ್ ಹುಳು ಉಳಿದಿದ್ದರೆ ಅದೇ ಮರಿಯನ್ನು ಕಡಿದು ತಿನ್ನಬಹುದು. ಪೊರೆ ಬಿಟ್ಟ ಮೇಲೆ ಬಿಳಿಯಿದ್ದ ಕೋರೆ ಪೂರ್ತಿ ಕಪ್ಪಾಗುವವರೆಗೆ, ಅಂದರೆ ಐದಾರು ದಿನ, ಊಟ ಬೇಡ.

ಮೊದಮೊದಲು ಕೊಡುವುದು ಕ್ರಿಕೆಟ್ ಹುಳುವಿನ ಕಾಲು ಅಥವಾ ಕತ್ತರಿಸಿದ ಮೀಲ್‌ವರ್ಮ್ ಹುಳುವಿನ ತುಂಡು, ನಾಲ್ಕೈದು ದಿನಕ್ಕೊಮ್ಮೆ. ಸತ್ತದ್ದನ್ನೂ ಮರಿ ಧಾರಾಳವಾಗಿ ತಿನ್ನುತ್ತದೆ. ಉಳಿದದ್ದು ಮರುದಿನವೇ ಹೊರಗೆ.

ದುಡ್ಡು ದಂಡವಾದದ್ದು ಡಬ್ಬಿಯಡಿ ಹಾಸುವ, ಬಿಸಿ ಕೊಡುವ ಹೀಟ್ ಮ್ಯಾಟ್‌ಗೆ. ಬಿಸಿಯಾದರೆ ಜೇಡ ಕೆಳಗಿಳಿಯುತ್ತದೆ. ಮ್ಯಾಟ್ ಇರುವುದೂ ಕೆಳಗೇ! ಕೋಣೆ 24-28 ಡಿಗ್ರಿ ಇದ್ದರೆ ಸಾಕಿತ್ತು, ಆ ಹಣದಲ್ಲಿ ಇನ್ನೂ ಮೂರ್ನಾಲ್ಕು ಮರಿ ಬರುತ್ತಿದ್ದವು. ದೊಡ್ಡ ಅಕ್ರಿಲಿಕ್ ಪೆಟ್ಟಿಗೆಯೂ ಅಷ್ಟೇ: ಎತ್ತರದಿಂದ ಬಿದ್ದರೆ ಮರಿಯ ಹೊಟ್ಟೆ ಒಡೆಯಬಹುದು, ದೊಡ್ಡ ಜಾಗದಲ್ಲಿ ಊಟ ಸಿಕ್ಕಿತೋ ಇಲ್ಲವೋ ತಿಳಿಯುವುದಿಲ್ಲ.

ಎರಡು ಡಬ್ಬಿಗೆ ಬೂಷ್ಟು ತಿನ್ನುವ ಪುಟಾಣಿ ಜೀವಿಗಳಾದ ಸ್ಪ್ರಿಂಗ್‌ಟೇಲ್ ಬಿಟ್ಟು ನೋಡಿದೆ. ತಳದ ಬೂಷ್ಟು ಚೆನ್ನಾಗಿ ತಿಂದವು, ಮಣ್ಣು ಒಣಗಿದ ಡಬ್ಬಿಯಲ್ಲಿ ಸತ್ತವು. ಹಸಿ ಪಾಚಿ ಚಂದ ಕಂಡಿತು, ಆದರೆ ಕೊಳೆತ ಊಟ ಅದರಡಿ ಅಡಗಿಕೊಂಡು ನುಸಿ ಕರೆಯಿತು. ತೆಗೆದುಬಿಟ್ಟೆ.

ಇದೆಲ್ಲ ನೆಲದ ಜಾತಿಗಳಿಗೆ. ಟ್ಲಿಲ್ಟೊಕಾಟ್ಲ್ ಆಲ್ಬೊಪಿಲೊಸಸ್, ಲಾಸಿಯೊಡೋರಾ ಪರಾಹೈಬಾನಾ ಎರಡೂ ಇದರಲ್ಲಿ ಚೆನ್ನಾಗಿ ಬಂದವು. ಗ್ರಾಮೊಸ್ಟೋಲಾ ಪಲ್ಕ್ರಾ ತಿಂಗಳುಗಟ್ಟಲೆ ಬಿಲ ಮುಚ್ಚಿ ಕೂರುತ್ತದೆ, ಸುಮ್ಮನೆ ತಳದ ತೇವ ನೋಡಿಕೊಂಡಿರಬೇಕು. ಮರವಾಸಿ ಮರಿಗಳಿಗೆ ಇದು ಆಗದು, ಅವಕ್ಕೆ ಎತ್ತರ ಮತ್ತು ಗಾಳಿಯಾಟ ಬೇಕು.

ಚಾಚಿದ ಕಾಲುಗಳ ಅಗಲ ಎರಡೂವರೆ-ಮೂರು ಸೆಂಟಿಮೀಟರ್ ಆದಾಗ ಬಾಟಲಿ ಮುಚ್ಚಳದಲ್ಲಿ ನೀರಿಟ್ಟು ಹೊಸ ಡಬ್ಬಿಗೆ ದಾಟಿಸುತ್ತೇನೆ. ಬಿಲದಿಂದ ಅಗೆಯದೆ ಹೊರಗೆ ಬರಿಸುವ ನನ್ನದೊಂದು ಉಪಾಯವಿದೆ; ಇನ್ನೆರಡು ಜಾತಿಗಳ ಮೇಲೆ ನೋಡುವವರೆಗೆ ಅದನ್ನು ಹೇಳುವುದಿಲ್ಲ.