110 ಕೆಜಿ ಮೈಗೆ 36 ಕಡ್ಡಿ ಗಾಲಿ: ರೋಡ್ ಬೈಕ್ ಅಪ್‌ಗ್ರೇಡಿನ ನನ್ನ ಲೆಕ್ಕ

ಹಾಲಿನ ಕ್ಯಾನು ಹೊರುವ ಹಳೇ ಅಟ್ಲಾಸ್ ಸೈಕಲ್ಲಿನ ಕಡ್ಡಿ ಎಣಿಸಿ ನೋಡಿ. ಮುಂದಿನ ಗಾಲಿಗೆ 32, ಹಿಂದಿನದಕ್ಕೆ 40. ಭಾರ ಎಲ್ಲಿ ಬೀಳುತ್ತೆ ಅನ್ನೋದು ಅದನ್ನು ಮಾಡಿದವರಿಗೆ ಗೊತ್ತಿತ್ತು. ನಾವು ರೋಡ್ ಬೈಕಿಗೆ ಮುಂದೆ 20, ಹಿಂದೆ 24 ಕಡ್ಡಿಯ ಗಾಲಿ ಹಾಕಿಕೊಂಡು, ಅದರ ಮೇಲೆ 110 ಕೆಜಿ ಕೂರಿಸಿ, ಕಡ್ಡಿ ಮುರಿದರೆ ರಸ್ತೆಗೆ ಬೈಯುತ್ತೇವೆ. ನಾನು 36ರ ಮಾತೆತ್ತಿದಾಗ "ಏನ್ ಗುರು, ಹಾಲು ಹಾಕೋಕೆ ಹೋಗ್ತೀಯಾ?" ಎಂದವರೇ ಈಗ ಕಡ್ಡಿ ಉದ್ದ ಕೇಳಿ ಫೋನ್ ಮಾಡ್ತಾರೆ. ನಾನೇ ಕಟ್ಟಿದ 36 ಕಡ್ಡಿಯ ಹಿಂದಿನ ಗಾಲಿ ಹತ್ತಿರ ಹತ್ತಿರ 7,000 ಕಿಮೀ ಓಡಿದೆ. ಕಡ್ಡಿ ಒಂದೂ ಹೋಗಿಲ್ಲ. ಬೆಂಡ್ ತೆಗೆದಿದ್ದು ಒಂದೇ ಸಲ, ಅದೂ ಮೊದಲ 200 ಕಿಮೀ ಆದ ಮೇಲೆ.

ಮೊದಲು ಹಾಳಾದ ದುಡ್ಡಿನ ಲೆಕ್ಕ. ಬೈಕಿನ ಜೊತೆ ಬಂದದ್ದು ಫ್ರೀವೀಲ್ ಗಾಲಿ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲು ಗಾಲಿಯ ನಡುವಿನ ಗುಂಬಕ್ಕೆ (ಹಬ್) ತಿರುಪಿನ ಹಾಗೆ ಕೂರುವಂಥದ್ದು. ಅದರಲ್ಲಿ ಆಕ್ಸಲ್ (ಗಾಲಿಯ ಅಚ್ಚು) ಎರಡು ಸಲ ಬಾಗಿತು, ಮೂರನೇ ಸಲ ತುಂಡಾಯಿತು. ಕಾರಣ ಆಕ್ಸಲ್ಲಿನ ಲೋಹವಲ್ಲ. ಫ್ರೀವೀಲ್ ಹಬ್ಬಿನಲ್ಲಿ ಚೈನ್ ಕಡೆಯ ಬೇರಿಂಗು ಹಲ್ಲುಗಳ ಒಳಗಡೆ ಕೂತಿರುತ್ತೆ, ಅಲ್ಲಿಂದ ಫ್ರೇಮಿನವರೆಗೆ ಆಕ್ಸಲ್ ಆಸರೆಯಿಲ್ಲದೆ ಚಾಚಿರುತ್ತೆ. ಹಲ್ಲುಚಕ್ರ ಕೂರುವ ಕೊಳವೆ ಹಬ್ಬಿಗೇ ಸೇರಿರುವ ಶಿಮಾನೊ ಫ್ರೀಹಬ್ಬಿನಲ್ಲಿ ಅದೇ ಬೇರಿಂಗು ಹೊರತುದಿಗೆ ಬರುತ್ತೆ. 90 ಕೆಜಿ ದಾಟಿದವರು ಫ್ರೀವೀಲ್ ಗಾಲಿಗೆ ಹೊಸ ಆಕ್ಸಲ್ ಕೊಳ್ಳುವುದೇ ದಂಡ. ಆಮೇಲೆ ಕೊಂಡದ್ದು 22,000ದ ಚಪ್ಪಟೆ ಕಡ್ಡಿಯ ಫ್ಯಾಕ್ಟರಿ ಗಾಲಿಜೋಡಿ. 900 ಕಿಮೀಗೆ ಹಿಂದಿನ ಎಡಗಡೆಯ ಕಡ್ಡಿ ಹೋಯಿತು, 1,100ಕ್ಕೆ ಇನ್ನೊಂದು, ಅದೇ ತಿಂಗಳಲ್ಲಿ ಮೂರನೆಯದು. ಆ ಕಡ್ಡಿ ದಾವಣಗೆರೆಯಲ್ಲಿ ಸಿಗೋದಿಲ್ಲ. ಕೊರಿಯರ್ ಸೇರಿ ಒಂದಕ್ಕೆ 350 ರೂಪಾಯಿ, ಒಂದು ವಾರ ಬೈಕು ಗೋಡೆಗೆ. ಆಷಾಢದ ಗಾಳಿಯಲ್ಲಿ ಚಿತ್ರದುರ್ಗದ ಗುಡ್ಡದ ಸಾಲಿನ ಬಳಿ, ಫ್ಯಾನುಗಳು ತಿರುಗುವ ಜಾಗದಲ್ಲಿ, ಆ ಎತ್ತರದ ರಿಮ್ಮು ಹ್ಯಾಂಡಲನ್ನು ಪಕ್ಕಕ್ಕೆ ಎಳೆಯೋದು ಬೇರೆ. 9,000ಕ್ಕೆ ಮಾರಿದೆ.

ಎಡಗಡೆಯದೇ ಯಾಕೆ ಮುರಿಯಿತು? ಬಿಗಿ ಹೆಚ್ಚಾಗಿ ಅಲ್ಲ, ಸಡಿಲವಾಗಿ. ಹಿಂದಿನ ಗಾಲಿಯಲ್ಲಿ ಚೈನ್ ಕಡೆಯ ಕಡ್ಡಿಗಳು ನೆಟ್ಟಗೆ ನಿಂತಿರುತ್ತವೆ, ಎಡಗಡೆಯವು ಓರೆ. ಹಾಗಾಗಿ ಎಡಕ್ಕೆ ಬರುವ ಬಿಗಿ ಬಲಕ್ಕಿಂತ ಅರ್ಧ. ಭಾರ ಬಿದ್ದಾಗ ನೆಲದ ಹತ್ತಿರದ ಕಡ್ಡಿ ಪ್ರತಿ ಸುತ್ತಿಗೂ ಸಡಿಲಾಗಿ ಮತ್ತೆ ಬಿಗಿಯುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದ ಹಾಗೆ, ಹಬ್ಬಿನ ಹತ್ತಿರದ ಬಾಗಿನಲ್ಲಿ ತುಂಡಾಗುತ್ತೆ. ಕಡ್ಡಿ ಹೆಚ್ಚಿದಷ್ಟೂ ಒಂದೊಂದರ ಮೇಲಿನ ಏರಿಳಿತ ಕಡಿಮೆ.

ಇದೇ ಕಾರಣಕ್ಕೆ 11 ಸ್ಪೀಡ್ ಗ್ರೂಪ್‌ಸೆಟ್ (ಗೇರು-ಬ್ರೇಕಿನ ಪೂರ್ತಿ ಸೆಟ್ಟು, ಹಿಂದೆ 11 ಹಲ್ಲುಚಕ್ರ) ಬೇಡ ಎಂದೆ. 38,000 ಚಿಲ್ಲರೆಯ ಕೊಟೇಶನ್ ಕೈಯಲ್ಲಿತ್ತು. 11 ಸ್ಪೀಡಿನ ಫ್ರೀಹಬ್ 8-9-10 ಸ್ಪೀಡಿನದಕ್ಕಿಂತ 1.85 ಮಿಮೀ ಹೆಚ್ಚು ಉದ್ದ. ಅಷ್ಟು ಜಾಗಕ್ಕೆ ಬಲಗಡೆಯ ಫ್ಲ್ಯಾಂಜು (ಹಬ್ಬಿನಲ್ಲಿ ಕಡ್ಡಿ ಸಿಕ್ಕಿಸುವ ಅಂಚು) ಒಳಗೆ ಸರಿದರೆ ಎಡದ ಬಿಗಿ ಇನ್ನೂ ಇಳಿಯುತ್ತೆ. ಹಿಂದಿನ ಗಾಲಿಗೆ 130 ಮಿಮೀ ಜಾಗವಿರುವ ಫ್ರೇಮಿನಲ್ಲಿ ಭಾರದ ಸವಾರನಿಗೆ 8-9-10 ಸ್ಪೀಡಿನ ಹಬ್ಬೇ ಲಾಭ. ಹಳೆಯದು ಅನ್ನಿಸಿಕೊಂಡರೆ ಅನ್ನಿಸಿಕೊಳ್ಳಲಿ.

ಕೊನೆಗೆ ಕಟ್ಟಿದ್ದು ಹೀಗೆ. ಶಿಮಾನೊದ ಹಳೇ ತಲೆಮಾರಿನ ಟಿಯಾಗ್ರಾ ಹಬ್, 36 ತೂತು, ಸುಮಾರು 3,500. ರಿಮ್ಮು ಮಾವಿಕ್ ಎ319, 36 ತೂತು, ಒಳ ಅಗಲ 19 ಮಿಮೀ. 600 ಗ್ರಾಂ ಹತ್ತಿರ ತೂಗುತ್ತೆ, 4,000 ಕೊಟ್ಟ ನೆನಪು. (ಎಲ್ಲಿ ಸಿಕ್ಕಿತು ಅನ್ನೋದನ್ನು ಇನ್ನೊಂದು ಜೊತೆ ತರಿಸಿಕೊಂಡ ಮೇಲೆ ಹೇಳ್ತೀನಿ.) ಕಡ್ಡಿ ಸಪಿಮ್ ರೇಸ್, ತುದಿ 2.0 ನಡು 1.8 ಮಿಮೀ ದಪ್ಪ. ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಿಪ್ಪಲ್ (ಪುಟ್ಟ ನಟ್ಟು) ಹಿತ್ತಾಳೆಯದು. ಅಲ್ಯುಮಿನಿಯಂ ನಿಪ್ಪಲ್ ಉಳಿಸುವ ಹತ್ತಿಪ್ಪತ್ತು ಗ್ರಾಂ ನಮ್ಮ ಮೈಗೆ ತಮಾಷೆ. ಮೂರು ಕ್ರಾಸ್, ಅಂದರೆ ಒಂದೊಂದು ಕಡ್ಡಿಯೂ ಅದೇ ಬದಿಯ ಮೂರು ಕಡ್ಡಿಗಳನ್ನು ದಾಟುತ್ತೆ. ನಿಪ್ಪಲ್ ಕೂರುವ ಮಟ್ಟದಲ್ಲಿ ರಿಮ್ಮಿನ ವ್ಯಾಸ ನನಗೆ 602 ಮಿಮೀ ಬಂತು, ಕಡ್ಡಿ ಬಲಕ್ಕೆ 290, ಎಡಕ್ಕೆ 292. ಈ ಅಂಕಿಗಳನ್ನು ಹಾಗೇ ಎತ್ತಿಕೊಂಡು ಆರ್ಡರ್ ಮಾಡಬೇಡಿ, ಎರಡು ಹಳೇ ಕಡ್ಡಿ ತೂರಿಸಿ ನಿಮ್ಮ ರಿಮ್ಮನ್ನೇ ಅಳೆಯಿರಿ. ಮೊದಲ ಸಲ ಜಾಲತಾಣದ ಅಳತೆ ನಂಬಿ 294 ತರಿಸಿ 2,000 ಕಳೆದೆ. ಕಡ್ಡಿಯ ತುದಿಯ ತಿರುಪಿನ ಎಳೆ ಮುಗಿದು ನಿಪ್ಪಲ್ ತಿರುಗದೆ ನಿಂತಿತು, ಕಡ್ಡಿ ಇನ್ನೂ ಸಡಿಲ. ಬೆಂಡ್ ನೋಡೋ ಸ್ಟ್ಯಾಂಡ್ ನನ್ನಲ್ಲಿಲ್ಲ. ಬೈಕು ತಲೆಕೆಳಗೆ ಮಾಡಿ ಫ್ರೇಮಿಗೆ ಎರಡು ಕೇಬಲ್ ಟೈ ಬಿಗಿದು, ತುದಿ ರಿಮ್ಮಿಗೆ ತಾಗುವಷ್ಟು ಕತ್ತರಿಸಿದೆ. ಡಿಶ್, ಅಂದರೆ ರಿಮ್ಮು ಎರಡು ಬದಿಯ ನಟ್ಟನಡುವೆ ಇದೆಯಾ, ನೋಡೋಕೆ ಗಾಲಿಯ ಎಡ-ಬಲ ತಿರುಗಿಸಿ ಹಾಕೋದು. ಟೈ ಮತ್ತು ರಿಮ್ಮಿನ ಅಂತರ ಎರಡು ಸಲವೂ ಒಂದೇ ಇದ್ದರೆ ಗಾಲಿ ನಡುವೆ ಇದೆ.

ಎಳೆಗೆ ಅಗಸೆ ಎಣ್ಣೆ. ಚಟ್ನಿಪುಡಿಯ ಅಗಸೆಯೇ. ಆದರೆ ಗಾಣದ ಹಸಿ ಎಣ್ಣೆ ವಾರಗಟ್ಟಲೆ ಒಣಗೋದಿಲ್ಲ. ಪೇಂಟ್ ಅಂಗಡಿಯಲ್ಲಿ ಬಡಗಿಗಳು ಕೊಳ್ಳುವ ಡಬಲ್ ಬಾಯ್ಲ್ಡ್ ಲಿನ್ಸೀಡ್ ಕೇಳಿ. ಕಟ್ಟುವಾಗ ಜಾರುತ್ತೆ, ಒಣಗಿದ ಮೇಲೆ ನಿಪ್ಪಲನ್ನು ಹಿಡಿದಿಡುತ್ತೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಬಿಗಿ ಅಳೆಯುವ ಮೀಟರು 1,800ರ ನಕಲಿ. ಅದರ ಜೊತೆ ಬಂದ ಪಟ್ಟಿ ನಂಬೋ ಹಾಗಿರಲಿಲ್ಲ. ಹಾಗಾಗಿ ಒಂದು ಅಡ್ಡ ಪ್ರಯೋಗ: ತೂತು ಕೊರೆದ ಎರಡು ಕಬ್ಬಿಣದ ಪಟ್ಟಿ, ಮೇಲಿನದಕ್ಕೆ ಕಡ್ಡಿಯ ತಲೆ, ಕೆಳಗಿನದಕ್ಕೆ ನಿಪ್ಪಲ್. ಮೇಲಿನದನ್ನು ಮನೆಯ ತೊಟ್ಟಿಲು ಕೊಂಡಿಗೆ ಸಿಕ್ಕಿಸಿ, ಕೆಳಗಿನದಕ್ಕೆ 25 ಕೆಜಿಯ ಅಕ್ಕಿ ಚೀಲ ಒಂದೊಂದಾಗಿ ನಾಲ್ಕು ತೂಗುಹಾಕಿದೆ. ಒಂದೊಂದು ಚೀಲಕ್ಕೂ ಮೀಟರಿನ ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಂಡೆ. ಅದೇ ನನ್ನ ಪಟ್ಟಿ. ಚೀಲ ನೆಲದಿಂದ ಎರಡೇ ಇಂಚು ಮೇಲಿರಲಿ, ಕಾಲು ಕೆಳಗಿಡಬೇಡಿ. ಬಲಗಡೆ 115-120 ಕೆಜಿ ಬಿಗಿಗೆ ತಂದಾಗ ಎಡಗಡೆ 60ರ ಆಸುಪಾಸಿಗೆ ನಿಂತಿತು.

ಸಮಾನತೆಗೆ ಮೀಟರಿಗಿಂತ ಕಿವಿ ವಾಸಿ. ಕಡ್ಡಿ ಮಿಡಿದು ಫೋನಿನ ಟ್ಯೂನರಿನಲ್ಲಿ ಶ್ರುತಿ ನೋಡಿ. ಬಲದವೆಲ್ಲ ಒಂದು ಸ್ವರ, ಎಡದವೆಲ್ಲ ಒಂದು ಸ್ವರ. ಬಿಗಿ ಶ್ರುತಿಯ ವರ್ಗಕ್ಕೆ (ಸ್ಕ್ವೇರ್) ತಕ್ಕಂತೆ ಏರುತ್ತೆ, ಅಂದರೆ ಅರ್ಧ ಸ್ವರ ತಪ್ಪಿದರೆ ಬಿಗಿಯಲ್ಲಿ ಶೇ 12 ವ್ಯತ್ಯಾಸ. ಗಾಲಿ ನೆಟ್ಟಗೆ ತಿರುಗಿದ ಮಾತ್ರಕ್ಕೆ ಕಡ್ಡಿಗಳು ಸಮ ಇವೆ ಅಂತಲ್ಲ, ನನ್ನ ಮೊದಲ ಗಾಲಿ ನೂಲಿನಷ್ಟು ನೆಟ್ಟಗಿತ್ತು, ಸ್ವರ ಮಾತ್ರ ಸಂತೆ. ಇನ್ನೊಂದು ತೊಡಕು, ನಿಪ್ಪಲ್ ತಿರುಗಿಸಿದಾಗ ಕಡ್ಡಿಯೂ ಜೊತೆಗೆ ತಿರುಚಿಕೊಳ್ಳುತ್ತೆ. ಕಡ್ಡಿಗೆ ಚೂರು ಟೇಪ್ ಬಾವುಟದ ಹಾಗೆ ಅಂಟಿಸಿದರೆ ಕಾಣುತ್ತೆ. ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಹೋಗಿ ವಾಪಸು ಬರಬೇಕು. ಎಷ್ಟು ಮುಂದೆ, ಯಾವ ಹಂತದಲ್ಲಿ ಅನ್ನೋದು ಕೈಗೆ ಬಂದ ವಿದ್ಯೆ, ಅದನ್ನು ನನ್ನ ಹತ್ತಿರವೇ ಇಟ್ಟುಕೊಳ್ತೀನಿ. ಕೊನೆಗೆ ಸಮಾಂತರ ಕಡ್ಡಿಗಳನ್ನು ಜೋಡಿ ಜೋಡಿಯಾಗಿ ಕೈಯಲ್ಲಿ ಜೋರಾಗಿ ಹಿಂಡಿ, ಟಿಣ್ ಟಿಣ್ ಅನ್ನುತ್ತೆ, ಮತ್ತೆ ಬೆಂಡ್ ನೋಡಿ. ಶಬ್ದ ನಿಲ್ಲೋವರೆಗೂ ಹಿಂಡಿ ತಿದ್ದೋದು, ನನಗೆ ನಾಲ್ಕು ಸುತ್ತು ಹಿಡಿಯಿತು. ಹಿಂಡದೆ ಬಿಟ್ಟ ಗಾಲಿ ಮೊದಲ ಹಂಪಿನಲ್ಲೇ ತಾನೇ ಹಿಂಡಿಸಿಕೊಂಡು ವಕ್ರವಾಗುತ್ತೆ.

ಹಿಂದಿನ ಗಾಲಿ ಒಟ್ಟು 10,500ರ ಒಳಗೆ ಮುಗಿಯಿತು. ಮುಂದಿನದು 32 ಕಡ್ಡಿ, ಅದಕ್ಕೆ ಡಿಶ್ ಕಾಟವೇ ಇಲ್ಲ, ಒಂದು ಸಂಜೆಯ ಕೆಲಸ.

ಟೈರು 28 ಮಿಮೀ, ಈ ಅಗಲದ ರಿಮ್ಮಿನಲ್ಲಿ ಅಳೆದರೆ 30. ಬ್ರೇಕಿನಡಿ 4 ಮಿಮೀ ಉಳಿಯಿತು, ಸಾಕು. ಗಾಳಿಗೆ ಮೊದಲು ತೂಕ ನೋಡಿ: ಹಿಂದಿನ ಗಾಲಿಯನ್ನು ತೂಕದ ಯಂತ್ರದ ಮೇಲಿಟ್ಟು, ಮುಂದಿನದಕ್ಕೆ ಅಷ್ಟೇ ಎತ್ತರದ ಹಲಗೆ ಕೊಟ್ಟು, ಗೋಡೆಗೆ ಬೆರಳು ತಾಗಿಸಿ ಕೂತರೆ ಗೊತ್ತಾಗುತ್ತೆ. ನನ್ನದು ಬಾಟಲಿ ಸೇರಿ 123, ಹಿಂದೆ 74, ಮುಂದೆ 49. ಎರಡಕ್ಕೂ ಒಂದೇ ಗಾಳಿ ಹೊಡೆಯೋದು ಶುದ್ಧ ತಪ್ಪು. ನಾನು ಹಿಂದೆ 95, ಮುಂದೆ 78 ಪಿಎಸ್‌ಐ ಹಾಕ್ತೀನಿ, ಟೈರಿನ ಮೇಲಿನ ಮಿತಿ ನೋಡಿಕೊಂಡು. 85ಕ್ಕೆ ಇಳಿಸಿದಾಗ ಸರ್ವಿಸ್ ರಸ್ತೆಯ ಹೊಂಡದಲ್ಲಿ ಟ್ಯೂಬಿಗೆ ಹಾವು ಕಚ್ಚಿದ ಹಾಗೆ ಎರಡು ತೂತು. 115ಕ್ಕೆ ಏರಿಸಿದಾಗ ಕೈ ಜೋಮು ಹಿಡಿದದ್ದು ಬಿಟ್ಟರೆ ವೇಗದಲ್ಲಿ ಏನೂ ಬರಲಿಲ್ಲ. ರಿಮ್ ಟೇಪು ಬಟ್ಟೆಯದೇ ಇರಲಿ. 36 ತೂತಿನ ರಿಮ್ಮಿಗೆ ರಬ್ಬರ್ ಪಟ್ಟಿ ಹಾಕಿದರೆ ಒಳಗಿಂದಲೇ ಪಂಕ್ಚರ್.

ಬಳ್ಳಾರಿ ಜಾಲಿ ಮುಳ್ಳಿಗೆ ಪಂಕ್ಚರ್ ತಡೆಯುವ ಗಟ್ಟಿ ಟೈರಾದ ಗೇಟರ್‌ಸ್ಕಿನ್ ಕೂಡ ಪೂರ್ತಿ ಉತ್ತರವಲ್ಲ. ಟೈರಿನೊಳಗಿನ ಪ್ಲಾಸ್ಟಿಕ್ ಪಟ್ಟಿ ಹಾಕಿ ನೋಡಿದೆ, ಪಟ್ಟಿಯ ಅಂಚೇ ಟ್ಯೂಬನ್ನು ಸವೆಸಿತು. ವಾಲ್ವ್ ಕೋರ್ ಬಿಚ್ಚಬರುವ ಟ್ಯೂಬಿಗೆ 40 ಮಿಲಿ ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿದ್ದು ಫಲಿಸಿತು. ನಮ್ಮ ಬೇಸಿಗೆಯಲ್ಲಿ ಎರಡೇ ತಿಂಗಳಲ್ಲಿ ಒಣಗುತ್ತೆ, ಮತ್ತೆ ಹಾಕಬೇಕು. ಮೆಕ್ಕೆಜೋಳ ರಸ್ತೆಗೆ ಹರಡುವ ಕಾಲದಲ್ಲಿ ಅಂಚಿಗೆ ಇಳಿಯಲೇಬೇಕಾಗುತ್ತೆ, ಮುಳ್ಳೆಲ್ಲ ಇರೋದು ಅಲ್ಲೇ.

ಗೇರಿನ ವಿಷಯ ಚಿತ್ರದುರ್ಗದ ಜೋಗಿಮಟ್ಟಿ ಏರಿನಲ್ಲಿ ತೀರ್ಮಾನವಾಯಿತು. ಮುಂದೆ 34 ಹಲ್ಲು, ಹಿಂದೆ 28 ಇದ್ದಾಗ ನಿಮಿಷಕ್ಕೆ 60 ಸುತ್ತು ತುಳಿಯಬೇಕೆಂದರೆ ಗಂಟೆಗೆ 9 ಕಿಮೀ ಮೇಲೆ ಹೋಗಲೇಬೇಕು. ಶೇ 9ರ ಏರಿನಲ್ಲಿ 123 ಕೆಜಿ ಮೇಲೆತ್ತೋದಕ್ಕೇ ಅದು 280 ವ್ಯಾಟ್. ಹಿಂದೆ 36 ಹಲ್ಲಾದರೆ 7 ಕಿಮೀ ಸಾಕು, 220ರೊಳಗೆ. ರೋಡ್ ಬೈಕಿನ ಸೋರಾ 9 ಸ್ಪೀಡ್ ಲಿವರಿಗೆ ಎಂಟಿಬಿಯ (ಗುಡ್ಡದ ಬೈಕು) 9 ಸ್ಪೀಡಿನ ಅಲಿವಿಯೊ ಹಿಂದಿನ ಡಿರೇಲರ್ (ಚೈನನ್ನು ಹಲ್ಲುಚಕ್ರದಿಂದ ಹಲ್ಲುಚಕ್ರಕ್ಕೆ ಸರಿಸುವ ತೋಳು) ಕೂರೋದಿಲ್ಲ ಎಂದು ಅಂಗಡಿಯಲ್ಲಿ ವಾದ ಮಾಡಿದರು. ಕೂರುತ್ತೆ, ಕೇಬಲ್ ಎಳೆತದ ಲೆಕ್ಕ ಒಂದೇ. 10 ಸ್ಪೀಡಿನ ಎಂಟಿಬಿ ಡಿರೇಲರ್ ಕೂರೋದಿಲ್ಲ, ಅದರ ಎಳೆತ ಬೇರೆ. 12-36 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಡಿರೇಲರ್, ಚೈನು ಸೇರಿ 5,000 ಹತ್ತಿರ. ಚೈನನ್ನು ಡಿರೇಲರಿಗೆ ತೂರಿಸದೆ ಮುಂದಿನ ದೊಡ್ಡ ಹಲ್ಲುಚಕ್ರ, ಹಿಂದಿನ ದೊಡ್ಡದರ ಮೇಲೆ ಸುತ್ತಿ ಎರಡು ಕೊಂಡಿ ಸೇರಿಸಿ ಕತ್ತರಿಸಿ. ಹಳೇ ಚೈನನ್ನೇ ಉಳಿಸೋಕೆ ಹೋದರೆ ಮುಂದೆ 50, ಹಿಂದೆ 36ರಲ್ಲಿ ಚೈನು ಸಾಲದೆ ಡಿರೇಲರ್ ನೇತಾಡುವ ಹ್ಯಾಂಗರ್ ಮುರಿಯುತ್ತೆ. ನನ್ನದು ಮುರಿದು 450 ರೂಪಾಯಿ ಹೋಯಿತು.

ಇಳಿಯುವಾಗ ಬ್ರೇಕ್ ಒಂದೇ ಸಮ ಹಿಡಿದುಕೊಳ್ಳಬೇಡಿ, ಬಿಟ್ಟು ಬಿಟ್ಟು ಗಟ್ಟಿಯಾಗಿ ಹಿಡಿಯಿರಿ. ಪ್ಯಾಡಿನಲ್ಲಿ ಅಲ್ಯುಮಿನಿಯಂ ಚೂರು ಸಿಕ್ಕಿಕೊಂಡಿದ್ದರೆ ಪಿನ್ನಿನಿಂದ ಕಿತ್ತುಹಾಕಿ, ಇಲ್ಲದಿದ್ದರೆ ರಿಮ್ಮನ್ನು ಉಳಿಯ ಹಾಗೆ ಕೆರೆಯುತ್ತೆ. ಭಾರದವರ ರಿಮ್ ಬೇಗ ಸವೆಯುತ್ತೆ, ಆಗಾಗ ಸ್ಕೇಲ್ ಅಡ್ಡ ಹಿಡಿದು ಹಳ್ಳ ಬಿದ್ದಿದೆಯಾ ನೋಡಿ. ಸೀಟ್‌ಪೋಸ್ಟು ಎರಡು ಬೋಲ್ಟಿನದು, ಸೀಟಿನ ಕಂಬಿ ಗಟ್ಟಿ ಉಕ್ಕಿನದು. ಚೌಕ ಆಕ್ಸಲ್ಲಿನ ಕ್ರ್ಯಾಂಕ್ (ಪೆಡಲ್ ತೋಳು) ಬೋಲ್ಟನ್ನು 40 ನ್ಯೂಟನ್ ಮೀಟರಿಗೆ ಬಿಗಿದು, ನೂರು ಕಿಮೀ ಆದ ಮೇಲೆ ಇನ್ನೊಮ್ಮೆ ನೋಡಿ.

ಈಗ ಎಡಗಡೆಗೆ ಮಾತ್ರ ನಡು 1.5ರ ಸಪಿಮ್ ಲೇಸರ್ ಹಾಕಿ ಇನ್ನೊಂದು ಹಿಂದಿನ ಗಾಲಿ ಕಟ್ಟುತ್ತಿದ್ದೇನೆ. ತೆಳು ಕಡ್ಡಿ ಅದೇ 60 ಕೆಜಿಗೆ ಹೆಚ್ಚು ಹಿಗ್ಗುತ್ತೆ, ಭಾರ ಬಿದ್ದಾಗ ಪೂರ್ತಿ ಸಡಿಲಾಗೋದು ತಡ. "ಭಾರದವನಿಗೆ ತೆಳು ಕಡ್ಡಿಯಾ?" ಅಂತ ಆಗಲೇ ಶುರುವಾಗಿದೆ. ತಿರುಚಿಕೊಳ್ಳೋ ಕಾಟ ಮಾತ್ರ ದುಪ್ಪಟ್ಟು, ಹದಿನೆಂಟಕ್ಕೂ ಟೇಪಿನ ಬಾವುಟ ಕಟ್ಟಿ ಕೂತಿದ್ದೇನೆ.