ಬೀನ್ಸ್ ಬಳ್ಳಿಯ ಕರಿಹೇನು: ಔಷಧಿಗಿಂತ ಮೊದಲು ಇರುವೆ

ಕೊಡಗಿನಲ್ಲಿ ಮಳೆಗಾಲದ ಬೀನ್ಸಿಗೆ ಹೇನಿನ ಕಾಟ ಕಡಿಮೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಹೊಡೆಯುವ ಮಳೆಯೇ ಅದನ್ನು ತೊಳೆದುಹಾಕುತ್ತದೆ. ಆಗಿನ ತಲೆನೋವು ಬಸವನಹುಳು ಮತ್ತು ಬುಡಕೊಳೆ. ಅಕ್ಟೋಬರಿನಲ್ಲಿ ಬಿತ್ತಿದ ಬೀಜ ನವೆಂಬರ್-ಡಿಸೆಂಬರಿನ ಹುತ್ತರಿ ಹಬ್ಬದ ಹೊತ್ತಿಗೆ ಹೂವಿಗೆ ಬರುತ್ತದಲ್ಲ, ಕರಿಹೇನು ಕೂರುವುದು ಆಗ. ಅಲಸಂದೆ, ಅವರೆಗೂ ಬರುವುದು ಇದೇ ಜಾತಿ, ಏಫಿಸ್ ಕ್ರ್ಯಾಕ್ಸಿವೋರಾ. ದೊಡ್ಡದು ಮಿರಮಿರ ಕಪ್ಪು, ಮರಿ ಬೂದಿ ಬಣ್ಣ. ಮೊಟ್ಟೆ ಇಡದೆ ನೇರ ಮರಿ ಹಾಕುತ್ತದೆ, ಗಂಡಿನ ಅಗತ್ಯವೂ ಇಲ್ಲ. ಬಿಸಿಲಿದ್ದರೆ ಇಂದಿನ ಮರಿ ಸುಮಾರು ಒಂದು ವಾರಕ್ಕೆ ತಾನೇ ತಾಯಿ. ಹಾಗಾಗಿ ತಿಂಗಳಿಗೊಮ್ಮೆ ಹಿತ್ತಲಿಗೆ ಇಳಿದು ನೋಡಿದರೆ ಪ್ರಯೋಜನವಿಲ್ಲ. ವಾರಕ್ಕೆರಡು ಸಲ ಚಿಗುರಿನ ತುದಿ, ಎಳೆ ಎಲೆಯ ಅಡಿ, ಹೂಗೊಂಚಲಿನ ತೊಟ್ಟು ಇಷ್ಟನ್ನು ತಿರುಗಿಸಿ ನೋಡಬೇಕು. ಎಲೆಯ ಮೇಲೆ ಬಿಳಿ ಹೊಟ್ಟಿನಂಥದ್ದು ಉದುರಿದ್ದರೆ ಅದು ಬೇರೆ ಕೀಟವಲ್ಲ, ಹೇನು ಕಳಚಿದ ಪೊರೆ. ಅದರ ನೇರ ಮೇಲಿನ ಎಲೆಯನ್ನು ಮಗುಚಿ, ಗುಂಪು ಅಲ್ಲಿರುತ್ತದೆ.

ಎಲ್ಲರೂ ಮೊದಲು ಕೇಳುವುದು ಯಾವ ಔಷಧಿ ಎಂದು. ನಾನು ಮೊದಲು ನೋಡುವುದು ಇರುವೆ ಎಲ್ಲಿಂದ ಹತ್ತುತ್ತಿದೆ ಎಂದು. ಕಾಫಿ ಗಿಡದ ರಸ ಹೀರುವ ಗ್ರೀನ್ ಬಗ್ ಕೀಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಹೇನು ವಿಸರ್ಜಿಸುವ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಹೇನು ತಿನ್ನುವ ಗುಲಗಂಜಿ ಹುಳು ಹತ್ತಿರ ಬಂದರೆ ಓಡಿಸುತ್ತದೆ. ಇರುವೆಯ ದಾರಿ ತೆರೆದಿಟ್ಟು ಸಿಂಪಡಿಸಿದರೆ ಹತ್ತು ದಿನಕ್ಕೆ ಮತ್ತೆ ಅಷ್ಟೇ ಹೇನು.

ದಾರಿ ಕಡಿಯುವ ಕ್ರಮ ಹೀಗೆ. ಬುಡದ ಸುತ್ತ ಒಂದಡಿ ಕಳೆ ಕಿತ್ತು ಮಣ್ಣು ಬಿಡಿಸಿಡುತ್ತೇನೆ. ಬೇಲಿಗೋ ಪಕ್ಕದ ಗಿಡಕ್ಕೋ ತಾಗಿದ ಬಳ್ಳಿಯನ್ನು ಎಳೆದು ಗೂಟಕ್ಕೆ ಸುತ್ತುತ್ತೇನೆ. ಗೂಟಕ್ಕೆ ನೆಲದಿಂದ ಒಂದು ಗೇಣು ಮೇಲೆ, ಖಾಲಿ ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿದ ಎರಡಿಂಚು ಅಗಲದ ಪಟ್ಟಿ ಕಟ್ಟಿ, ಅದರ ಮೇಲೆ ಗ್ರೀಸ್ ಬಳಿಯುತ್ತೇನೆ. ಬಳ್ಳಿಯ ಕಾಂಡಕ್ಕೂ ಇಂಥದೇ ಪಟ್ಟಿ, ಆದರೆ ಸಡಿಲವಾಗಿ. ಪಟ್ಟಿಯ ಒಳಗೆ ಒಂದು ಎಳೆ ಹತ್ತಿ ತುರುಕದಿದ್ದರೆ ಇರುವೆ ಸಂದಿಯಿಂದ ನುಸುಳುತ್ತದೆ. ಗ್ರೀಸ್ ನೇರ ಕಾಂಡಕ್ಕೆ ತಾಗಬಾರದು, ಎಳೆ ಸಿಪ್ಪೆ ಸುಟ್ಟುಹೋಗುತ್ತದೆ. ವಾರ ಕಳೆದರೆ ಗ್ರೀಸಿನ ಮೇಲೆ ಧೂಳು ಕೂತು ಸೇತುವೆಯಾಗುತ್ತದೆ. ಒರೆಸಿ ಹೊಸದಾಗಿ ಬಳಿಯಬೇಕು.

ಗೂಟದ ವಿಷಯದಲ್ಲಿ ಒಂದು ಮಾತು. ಬೇಲಿಯ ಗ್ಲಿರಿಸಿಡಿಯಾ ಕೈಗೆ ಸಿಗುತ್ತದೆಂದು ಹಸಿ ಕೊಂಬೆ ಕಡಿದು ನೆಡುತ್ತೇವೆ. ಅದು ಬೇರು ಬಿಟ್ಟು ಚಿಗುರುತ್ತದೆ, ಆ ಚಿಗುರಿಗೂ ಹೂವಿಗೂ ಇದೇ ಕರಿಹೇನು ಮುತ್ತುತ್ತದೆ. ಬೀನ್ಸಿನ ಪಕ್ಕದಲ್ಲೇ ಹೇನಿನ ತವರುಮನೆ ಕಟ್ಟಿಕೊಟ್ಟಂತೆ. ಒಣಗಿದ ಬಿದಿರು ಅಥವಾ ಗಿಡ ಸವರುವಾಗ ಸಿಕ್ಕ ಕಾಫಿ ರೆಂಬೆ ಒಣಗಿಸಿ ಬಳಸಿ. ಗ್ಲಿರಿಸಿಡಿಯಾ ಬೇಲಿಯೇ ಇದ್ದರೆ ಬೀನ್ಸ್ ಸಾಲನ್ನು ದೂರ ಸರಿಸಿ.

ಇರುವೆ ನಿಂತ ಮೇಲೆ ನೀರು. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಇನ್ನೊಂದು ಕೈಯನ್ನು ಚಿಗುರಿನ ಹಿಂದೆ ಆಸರೆ ಕೊಟ್ಟು, ಎಲೆಯ ಅಡಿಯಿಂದ ಮೇಲಕ್ಕೆ ಹೊಡೆಯಬೇಕು. ಆಸರೆ ಇಲ್ಲದಿದ್ದರೆ ಬೀನ್ಸಿನ ಕತ್ತು ಮುರಿಯುತ್ತದೆ. ಕೆಳಗೆ ಬಿದ್ದ ಹೇನುಗಳಲ್ಲಿ ಹೆಚ್ಚಿನವು ಮತ್ತೆ ಹತ್ತಲಾರವು. ಪೂರ್ತಿ ಕಪ್ಪಾದ ತುದಿಯನ್ನು ಚಿವುಟಿ ಸೋಪಿನ ನೀರಿನ ಬಕೆಟ್ಟಿಗೆ ಹಾಕುವುದು ಎಲ್ಲಕ್ಕಿಂತ ಬೇಗನೆ ಆಗುವ ಕೆಲಸ. ಹತ್ತು ಹದಿನೈದು ಬುಡ ಇರುವ ಹಿತ್ತಲಿಗೆ ಎಷ್ಟೋ ಸಲ ಇಷ್ಟೇ ಸಾಕು.

ಸಾಲದಿದ್ದರೆ ಬೇವಿನೆಣ್ಣೆ. ಒಂದು ಲೀಟರ್ ನೀರಿಗೆ 5 ಮಿಲಿ ಎಣ್ಣೆ, 3 ಗ್ರಾಂ ತುರಿದ ಬಾರ್ ಸೋಪು. ಡಿಟರ್ಜೆಂಟ್ ಪುಡಿ ಬೇಡ, ಎಲೆಯ ಅಂಚು ಸುಡುತ್ತದೆ. ಡಿಸೆಂಬರಿನ ಚಳಿಗೆ ಬೇವಿನೆಣ್ಣೆ ಬಾಟಲಿಯಲ್ಲೇ ತುಪ್ಪದಂತೆ ಗಟ್ಟಿಯಾಗುತ್ತದೆ. ಹಾಗೇ ಸುರಿದರೆ ಮೇಲಿನ ತಿಳಿ ಮಾತ್ರ ಬರುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಕಾಲು ಗಂಟೆ ಇಟ್ಟು ಕುಲುಕಿ. ಸೋಪನ್ನು ಒಂದು ಲೋಟ ಬೆಚ್ಚಗಿನ ನೀರಿನಲ್ಲಿ ಕರಗಿಸಿ, ಅದಕ್ಕೆ ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು, ಮಜ್ಜಿಗೆಯಂತೆ ಬೆಳ್ಳಗಾಗುವವರೆಗೆ ಕಡೆದು, ಆಮೇಲೆ ಉಳಿದ ನೀರು ಸೇರಿಸಿ. ಎಣ್ಣೆ ಕಣ್ಣುಕಣ್ಣಾಗಿ ಮೇಲೆ ತೇಲಿದರೆ ಸರಿಯಾಗಿ ಕೂಡಿಲ್ಲ. ಹಾಗೆ ಹೊಡೆದರೆ ಎಣ್ಣೆ ಬಿದ್ದ ಕಡೆ ಎಲೆ ಸುಡುತ್ತದೆ, ಬೀಳದ ಕಡೆ ಹೇನು ಉಳಿಯುತ್ತದೆ. ಕದಡಿದ್ದನ್ನು ಆ ದಿನವೇ ಮುಗಿಸಿ. ಮೊದಲು ಎರಡು ಎಲೆಗೆ ಹಚ್ಚಿ ಒಂದು ದಿನ ಕಾದು ನೋಡಿ.

ಹೊತ್ತು ಮುಖ್ಯ. ನಮ್ಮಲ್ಲಿ ಬೆಳಿಗ್ಗೆ ಎಂಟು ಒಂಬತ್ತರವರೆಗೂ ಎಲೆಯ ಮೇಲೆ ಇಬ್ಬನಿ ಇರುತ್ತದೆ, ಹೊಡೆದದ್ದು ತೆಳುವಾಗಿ ಜಾರಿಹೋಗುತ್ತದೆ. ನಡುಹಗಲು ಬಿಸಿಲು, ಮೇಲೆ ಜೇನುಹುಳು. ಸಂಜೆ ನಾಲ್ಕರ ಸುಮಾರಿಗೆ ಹೊಡೆದರೆ ಇಬ್ಬನಿ ಇಳಿಯುವ ಮುಂಚೆ ಎಲೆ ಆರುತ್ತದೆ. ರಾತ್ರಿಯಿಡೀ ಒದ್ದೆ ಎಲೆ ಬಿಟ್ಟರೆ ತುಕ್ಕುರೋಗಕ್ಕೆ ಕರೆದಂತೆ. ಸೋಪು ತಾಗಿದ ಹೇನಷ್ಟೇ ಸಾಯುತ್ತದೆ, ಬೇವು ನಿಧಾನವಾಗಿ ಪೊರೆ ಕಳಚುವುದನ್ನು ಕೆಡಿಸುತ್ತದೆ. ಮಾರನೇ ದಿನ ಹೇನು ಓಡಾಡುತ್ತಿದೆಯೆಂದು ಎಣ್ಣೆ ದುಪ್ಪಟ್ಟು ಮಾಡಬೇಡಿ. ಐದು ದಿನಕ್ಕೊಮ್ಮೆಯಂತೆ ಮೂರು ಸಲ, ಅದೇ ಅಳತೆ.

ಸಿಂಪಡಿಸುವ ಮುಂಚೆ ಗುಂಪಿನ ಒಳಗೆ ಕಣ್ಣಿಟ್ಟು ನೋಡಿ. ಬೂದುಗಪ್ಪು ಮೈ, ಅದರಲ್ಲಿ ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯಂತೆ ಉದ್ದನೆ ನಡೆಯುವ ಹುಳು ಕಂಡರೆ ಅದನ್ನು ಹೊಸಕಬೇಡಿ, ಅದು ಗುಲಗಂಜಿ ಹುಳುವಿನ ಮರಿ. ಕಂದು ಬಣ್ಣಕ್ಕೆ ತಿರುಗಿ ಕಾಳಿನಂತೆ ಉಬ್ಬಿ ಅಲುಗದೆ ಕೂತ ಹೇನಿನೊಳಗೆ ಪರಾವಲಂಬಿ ಕಣಜದ ಮರಿ ಬೆಳೆಯುತ್ತಿರುತ್ತದೆ. ಇವು ಅಲ್ಲಲ್ಲಿ ಕಾಣುತ್ತಿದ್ದರೆ ನಾನು ಮೂರು ನಾಲ್ಕು ದಿನ ಏನನ್ನೂ ಹೊಡೆಯುವುದಿಲ್ಲ. ಅಂಗಡಿಯವರು ಕೊಡುವ ಇಮಿಡಾಕ್ಲೋಪ್ರಿಡ್ ಮನೆಯ ಬೀನ್ಸಿಗೆ ಖಂಡಿತ ಬೇಡ. ಅದು ಗಿಡದ ಒಳಗೆ ಹರಿಯುವ ವಿಷ, ಜೇನಿಗೂ ಮಾರಕ. ನಾವೋ ಎರಡು ಮೂರು ದಿನಕ್ಕೊಮ್ಮೆ ಕಾಯಿ ಕೊಯ್ದು ಪಲ್ಯ ಮಾಡುವವರು.

ಯೂರಿಯಾ ಹಾಕಿದ ಸಾಲಿಗೆ ಹೇನು ಹೆಚ್ಚು. ಬೀನ್ಸ್ ತನ್ನ ಬೇರುಗಂಟಿನಲ್ಲಿ ಸಾರಜನಕ ಮಾಡಿಕೊಳ್ಳುವ ಗಿಡ. ಕಳಿತ ಕೊಟ್ಟಿಗೆ ಗೊಬ್ಬರ ಸಾಕು.

ಹೇನು ಹರಡುವ ಮೊಸಾಯಿಕ್ ನಂಜು (ವೈರಸ್ ರೋಗ) ಬೇರೆಯೇ ಲೆಕ್ಕ. ಎಲೆಯಲ್ಲಿ ತಿಳಿಹಸಿರು, ಕಡುಹಸಿರು ತೇಪೆ ತೇಪೆ, ಅಂಚು ಕೆಳಗೆ ಮಡಚಿ, ಗಿಡ ಕುಳ್ಳಾಗಿ ನಿಂತರೆ ಅದು ವಾಸಿಯಾಗುವುದಿಲ್ಲ. ಹೇನು ಒಂದೆರಡು ನಿಮಿಷ ಚುಚ್ಚಿದರೂ ನಂಜು ದಾಟಿಬಿಡುತ್ತದೆ, ಅದಕ್ಕೆ ಯಾವ ಸಿಂಪಡಣೆಯೂ ತಡೆಯಲ್ಲ. ಗಿಡ ಕೀಳಲೇಬೇಕು. ಆದರೆ ಹಾಗೇ ಕಿತ್ತರೆ ಹೇನು ಉದುರಿ ಕೆಲವಾದರೂ ಪಕ್ಕದ ಬುಡ ಹತ್ತುತ್ತವೆ. ಮೊದಲು ನಿಂತ ಗಿಡವನ್ನೇ ಸೋಪಿನ ನೀರಿನಿಂದ ತೋಯಿಸಿ, ಮೇಲಿಂದ ಚೀಲ ಮುಚ್ಚಿ ಆಮೇಲೆ ಕಿತ್ತು ಸುಡಿ. ಈ ನಂಜು ಬೀಜದಲ್ಲೂ ಹೋಗುತ್ತದೆ. ಕಾಯಿ ಒಣಗುವ ಹೊತ್ತಿಗೆ ಎಲೆ ಉದುರಿ ಯಾವ ಬಳ್ಳಿ ಚೆನ್ನಾಗಿತ್ತೆಂದು ತಿಳಿಯುವುದಿಲ್ಲವಾದ್ದರಿಂದ, ಹೂ ಬಿಟ್ಟಾಗಲೇ ಶುದ್ಧ ಎಲೆಯ ಬಳ್ಳಿಗೆ ಕೆಂಪು ದಾರ ಕಟ್ಟಿಡುತ್ತೇನೆ. ಬೀಜಕ್ಕೆ ಬಿಡುವುದು ದಾರ ಕಟ್ಟಿದ್ದನ್ನು ಮಾತ್ರ.