ಅಮೆರಿಕದಲ್ಲಿ ಓವರ್‌ಟೈಮ್ ದುಡ್ಡು ಕೊಡ್ಲಿಲ್ಲ ಅಂದ್ರೆ ವಸೂಲಿ ಮಾಡೋದು ಹೇಗೆ

ಮೊದ್ಲು ನಿಮ್ಮ ರಾಜ್ಯದ ರೂಲ್ ಏನು ಅಂತ ನೋಡ್ಕೊಳ್ಳಿ. 1938ರ ಫೆಡರಲ್ (ಅಂದ್ರೆ ಕೇಂದ್ರ ಸರ್ಕಾರದ) ಕಾನೂನು ಪ್ರಕಾರ ವಾರಕ್ಕೆ 40 ಗಂಟೆ ದಾಟಿದ್ರೆ, ದಾಟಿದ ಗಂಟೆಗಳಿಗೆ ಮಾಮೂಲಿ ದರದ ಒಂದೂವರೆ ಪಟ್ಟು ಕೊಡ್ಬೇಕು, ಆದ್ರೆ ಕ್ಯಾಲಿಫೋರ್ನಿಯಾದಲ್ಲಿ ದಿನದ ಲೆಕ್ಕನೂ ಇದೆ, 8 ಗಂಟೆ ಮೇಲೆ ಒಂದೂವರೆ ಪಟ್ಟು, 12 ದಾಟಿದ್ರೆ ಡಬಲ್. ಎರಡು ಕಾನೂನಲ್ಲಿ ಯಾವ್ದು ನಿಮಗೆ ಜಾಸ್ತಿ ಕೊಡುತ್ತೋ ಅದೇ ಲೆಕ್ಕಕ್ಕೆ ಬರೋದು.

"ನೀನು ಮ್ಯಾನೇಜರ್, ನಿಂಗೆ ಓಟಿ ಇಲ್ಲ" ಅಂದ್ರೆ ಸುಮ್ನೆ ತಲೆ ಆಡಿಸ್ಬೇಡಿ. ಹುದ್ದೆಯ ಹೆಸರಿಂದ ಏನೂ ತೀರ್ಮಾನ ಆಗಲ್ಲ, ನೀವು ನಿಜವಾಗ್ಲೂ ಮಾಡೋ ಕೆಲಸ ಏನು, ಸಂಬಳ ಎಷ್ಟು, ಹೇಗೆ ಕೊಡ್ತಾರೆ ಅನ್ನೋದನ್ನ ನೋಡ್ತಾರೆ.

ನನ್ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದು ದಾಖಲೆ. ಎಷ್ಟೊತ್ತಿಗೆ ಬಂದ್ರಿ, ಎಷ್ಟೊತ್ತಿಗೆ ಹೋದ್ರಿ, ಊಟದ ಬ್ರೇಕಲ್ಲೂ ಕೆಲಸ ಮಾಡಿಸಿದ್ರಾ, ಎಲ್ಲಾ ದಿನಾ ಬರೆದಿಡಿ, ಪೇ ಸ್ಟಬ್ (ಸಂಬಳದ ಚೀಟಿ), ಶೆಡ್ಯೂಲ್, ಮೆಸೇಜ್‌ಗಳನ್ನ ಕಂಪನಿ ಫೋನಲ್ಲಿ ಮಾತ್ರ ಬಿಡದೆ ನಿಮ್ಮ ಹತ್ರಾನೂ ಇಟ್ಕೊಳ್ಳಿ.

ಆಮೇಲೆ ರಾಜ್ಯದ ಲೇಬರ್ ಆಫೀಸ್‌ಗೋ ಫೆಡರಲ್ ವೇಜ್ ಅಂಡ್ ಅವರ್ ಡಿವಿಷನ್‌ಗೋ (ಕೇಂದ್ರ ಕಾರ್ಮಿಕ ಇಲಾಖೆಯಲ್ಲಿ ಸಂಬಳ, ಕೆಲಸದ ಗಂಟೆ ನೋಡ್ಕೊಳ್ಳೋ ವಿಭಾಗ) ದೂರು ಕೊಡಿ. ಫೆಡರಲ್ ದೂರಿಗೆ ಫೀಸ್ ಇಲ್ಲ, ವೀಸಾ ಪೇಪರ್ ಇಲ್ಲದವ್ರೂ ಕೊಡ್ಬೋದು, ದೂರು ಕೊಟ್ಟಿದ್ದಕ್ಕೆ ಕೆಲಸದಿಂದ ತೆಗೆಯೋದು ಕಾನೂನುಬಾಹಿರ.

ತಡ ಮಾತ್ರ ಮಾಡ್ಬೇಡಿ ದಯವಿಟ್ಟು. ಫೆಡರಲ್ ಕಾನೂನಲ್ಲಿ 2 ವರ್ಷ, ಬೇಕಂತಲೇ ಕೊಟ್ಟಿಲ್ಲ ಅಂದ್ರೆ 3 ವರ್ಷ, ನ್ಯೂಯಾರ್ಕ್ ರಾಜ್ಯದ ಕಾನೂನಲ್ಲಿ 6 ವರ್ಷದವರೆಗೂ ಹಿಂದಿನ ಬಾಕಿ ಕೇಳ್ಬೋದು. ಕೋರ್ಟಲ್ಲಿ ಗೆದ್ರೆ ಬಾಕಿಯಷ್ಟೇ ಮೊತ್ತ ಪರಿಹಾರವಾಗಿ ಮತ್ತೆ ಸಿಗೋ ಅವಕಾಶನೂ ಇದೆ.